ಇರುಳರ ಮಕ್ಕಳಿಂದ ಶಾಲೆ ಕಲಿಯಬೇಕಾದದ್ದು

ಚೆನ್ನೈ ಸುತ್ತಲಿನ ಚೆಂಗಲ್ಪಟ್ಟು, ಕಾಂಚೀಪುರಂ, ತಿರುವಳ್ಳೂರು ಜಿಲ್ಲೆಗಳಲ್ಲಿ ಇರುಳರ ಕೇರಿಗಳು ಹೆಚ್ಚಾಗಿ ಊರಾಚೆ, ಕೆರೆ ಏರಿಯ ಬದಿಯಲ್ಲೋ ಹೊಲದಂಚಿನಲ್ಲೋ ಇರುತ್ತವೆ. ತಮಿಳುನಾಡಿನಲ್ಲಿ ಸರ್ಕಾರ ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ಆರು ಬುಡಕಟ್ಟುಗಳಲ್ಲಿ ಇರುಳ ಸಮುದಾಯವೂ ಒಂದು. ನಮ್ಮ ರಾಮನಗರ, ಮಾಗಡಿ ಕಡೆ ಇರುವ ಇರುಳಿಗರ ಹೆಸರು ಕೇಳಿದ ಕನ್ನಡಿಗರಿಗೆ ಇವರ ಪಾಡು ತೀರ ಅಪರಿಚಿತವಲ್ಲ. ಈ ಮಕ್ಕಳನ್ನು ಶಾಲೆಗೆ ಸೇರಿಸುವುದು ಕಷ್ಟವಲ್ಲ, ಉಳಿಸಿಕೊಳ್ಳುವುದು ಕಷ್ಟ. ಅವರ ನಡುವೆ ಕೆಲಸ ಮಾಡಿದವರ ಅನುಭವ ಕೆಲವು ಪಾಠಗಳನ್ನು ಮುಂದಿಡುತ್ತದೆ.

ಮೊದಲನೆಯದು ಮರ್ಯಾದೆಯ ಪಾಠ. ಹಾವು, ಇಲಿ ಹಿಡಿಯುವವರ ಮಗು ಎಂಬ ಹಂಗಿಸುವಿಕೆಯೇ ಎಷ್ಟೋ ಮಕ್ಕಳನ್ನು ತರಗತಿಯಿಂದ ದೂರ ಮಾಡುತ್ತದೆ. ಆದರೆ ಆ ಕಸುಬಿನ ಹಿಂದಿರುವುದು ನುರಿತ ಕಣ್ಣು. ಬಿಲದ ಬಾಯಿಯ ಮಣ್ಣು ನುಣುಪಾಗಿದ್ದರೆ ಹಾವು ಈಚೆಗೆ ಓಡಾಡಿದೆ, ಜೇಡ ಬಲೆ ಕಟ್ಟಿದ್ದರೆ ಅಗೆಯುವುದು ವ್ಯರ್ಥ. ಇದನ್ನು ಮಗು ಅಪ್ಪ ಅಮ್ಮನ ಹಿಂದೆ ಗದ್ದೆಯ ಬದುವಿನಲ್ಲಿ ನಡೆದೇ ಕಲಿಯುತ್ತದೆ. ಇರುಳರು ನೆಚ್ಚಿಕೊಂಡಿದ್ದ ಹಾವಿನ ಚರ್ಮದ ವ್ಯಾಪಾರ ನಿಂತ ಮೇಲೆ, 1978ರಲ್ಲಿ, ಉರಗತಜ್ಞ ರೊಮುಲಸ್ ವಿಟೇಕರ್ ನೆರವಿನಿಂದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ಹುಟ್ಟಿತು. ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿ ಸಂಘದವರು ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲಗಳನ್ನು ಮಣ್ಣಿನ ಮಡಕೆಗಳಲ್ಲಿಟ್ಟು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ದೇಶದ ಪ್ರತಿವಿಷ ತಯಾರಿಕೆಗೆ ಆ ವಿಷವೇ ಮುಖ್ಯ ಆಧಾರ. 2023ರಲ್ಲಿ ಇರುಳ ಹಾವು ಹಿಡಿಯುವವರಾದ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಅವರಿಗೆ ಪದ್ಮಶ್ರೀ ಬಂತು. ವಿಜ್ಞಾನದ ಪಾಠದಲ್ಲಿ ಈ ಸಂಗತಿ ಬಂದರೆ ಹಂಗಿಸುವ ಬಾಯಿ ಕಟ್ಟುತ್ತದೆ, ಮಗು ತಲೆ ಎತ್ತಿ ನಿಲ್ಲುತ್ತದೆ.

ಎರಡನೆಯದು ಪಂಚಾಂಗದ ಪಾಠ. ತಮಿಳು ಪಂಚಾಂಗದ ಮಾಸಿ ತಿಂಗಳ ಹುಣ್ಣಿಮೆಗೆ ಇರುಳರು ಮಾಮಲ್ಲಪುರದ ಕಡಲ ತೀರದಲ್ಲಿ ಸೇರುತ್ತಾರೆ. ಸೀರೆ, ಟಾರ್ಪಾಲುಗಳ ಡೇರೆ ಹಾಕಿ, ಮರಳಿನಲ್ಲೇ ತಮ್ಮ ದೇವತೆ ಕನ್ನಿಯಮ್ಮನ ಪೂಜಾಸ್ಥಳ ಮಾಡಿ, ಬೆಳಗಿನ ಜಾವ ಮದುವೆ, ನಿಶ್ಚಿತಾರ್ಥ, ಕಿವಿ ಚುಚ್ಚುವ ಶಾಸ್ತ್ರ ಮುಗಿಸುತ್ತಾರೆ. ನೆಂಟರಿಷ್ಟರೆಲ್ಲ ಒಂದೆಡೆ ಕಾಣಸಿಗುವ ದಿನವಿದು. ಫೆಬ್ರುವರಿ, ಮಾರ್ಚ್‌ನ ಪರೀಕ್ಷೆಯ ಹೊತ್ತಿಗೇ ಇದು ಬೀಳುವುದರಿಂದ ಗೈರುಹಾಜರಿ ಎಂದು ಗದರುವ ಬದಲು, ಮೊದಲೇ ಲೆಕ್ಕ ಹಾಕಿ ಪಾಠ ಹೊಂದಿಸಿಕೊಳ್ಳುವುದು ಜಾಣತನ.

ಮೂರನೆಯದು, ಆರೋಗ್ಯವನ್ನೂ ಓದನ್ನೂ ಬೇರ್ಪಡಿಸಲಾಗದು ಎಂಬುದು. ಕರ್ನಾಟಕದಲ್ಲೂ ಇದಕ್ಕೆ ಸಾಕ್ಷಿ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಚಿಕಿತ್ಸೆಯಿಂದ ಹೊರಟು ಶಾಲೆಗೆ ಬಂದು ಮುಟ್ಟಿತು. ಇರುಳರ ಕೇರಿಯಲ್ಲೂ ಹಾಗೆಯೇ: ಮನೆಮದ್ದಿನ ಗಿಡ ಬಲ್ಲ ಅಜ್ಜಿಯನ್ನು ತರಗತಿಗೆ ಕರೆದರೆ ಶಾಲೆಯ ಮೇಲೆ ಮನೆಯವರ ಭರವಸೆ ಬೆಳೆಯುತ್ತದೆ, ಮಗುವಿಗೆ ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ಯಿರಿ ಎಂಬ ಮೇಷ್ಟರ ಮಾತಿಗೂ ಬೆಲೆ ಬರುತ್ತದೆ.

ಕೊನೆಯದು ಈ ಪಾಠಗಳ ಮಿತಿ. ಮುಂಗಡದ ಸಾಲಕ್ಕೆ ಕುಟುಂಬವೇ ಇಟ್ಟಿಗೆ ಗೂಡಿಗೋ ಅಕ್ಕಿ ಗಿರಣಿಗೋ ಹೋದರೆ ಮಗುವಿನ ಓದು ನಡುವೆಯೇ ಕಡಿಯುತ್ತದೆ. ಜಾತಿ ಪ್ರಮಾಣಪತ್ರ ಕೈಗೆ ಬಾರದಿದ್ದರೆ ವಿದ್ಯಾರ್ಥಿವೇತನವೂ ಮೀಸಲಾತಿಯೂ ದಕ್ಕವು. ಆದ್ದರಿಂದ ಇಂಥ ಕೇರಿಯ ಶಾಲೆ ಹಬ್ಬ, ಕಸುಬುಗಳಿಗೆ ಬೆಲೆ ಕೊಡುವುದರ ಜೊತೆಗೆ ಪ್ರಮಾಣಪತ್ರಕ್ಕಾಗಿ ಕಂದಾಯ ವಿಭಾಗಾಧಿಕಾರಿಯ ಕಚೇರಿಗೆ ಅರ್ಜಿ ಬರೆದುಕೊಡಬೇಕು, ಗೂಡಿಗೆ ಹೋದ ಮಗು ಯಾವ ಊರಿನಲ್ಲಿದೆ ಎಂದು ವಿಚಾರಿಸಿ ಅಲ್ಲಿನ ಶಾಲೆಗೆ ಸೇರಿಸಬೇಕು.