ಕೂಪನ್ ಇದ್ದರೂ ದಿನಸಿ ಖರ್ಚು ಇಳಿಯುತ್ತಿಲ್ಲ!

ಸಮಸ್ಯೆ: ಓದುಗರೊಬ್ಬರು ತಣಿಸಂದ್ರದ ಗೃಹಿಣಿ, ಮನೆಯಲ್ಲಿ ನಾಲ್ವರು. ಎರಡು ಸೂಪರ್‌ಮಾರ್ಕೆಟ್‌ಗಳ ಕಾರ್ಡು, ಫೋನಿನಲ್ಲಿ ಮೂರು ಆ್ಯಪ್ ಇವೆ. ಆದರೂ ತಿಂಗಳ ದಿನಸಿ ಖರ್ಚು ಏರುತ್ತಲೇ ಇದೆ ಎಂಬುದು ಅವರ ಚಿಂತೆ.

ಪರಿಹಾರ: ಮೊದಲು ಸಾಮಾನಿನ ಚೀಟಿ ಬರೆಯಿರಿ, ಆಮೇಲೆ ಕೂಪನ್ ಹುಡುಕಿ. ನಿಮಗೆ ಬೇಕಾದದ್ದು 780 ರೂಪಾಯಿಯ ಸಾಮಾನು, ಕೂಪನ್ ಸಾವಿರಕ್ಕೆ ನೂರು ಕಡಿತದ್ದು ಎಂದುಕೊಳ್ಳಿ. 220 ರೂಪಾಯಿಯ ಚಿಪ್ಸ್, ಬಿಸ್ಕತ್ತು ಸೇರಿಸಿದರೆ ಕೊಡುವುದು 900. ಅಂದರೆ 120 ರೂಪಾಯಿ ಹೆಚ್ಚೇ ಹೋಯಿತು. ಅದೇ ಹಣಕ್ಕೆ ಮುಂದಿನ ವಾರ ಹೇಗೂ ಬೇಕಾಗುವ ತೊಗರಿಬೇಳೆ ತಂದರೆ ನೂರು ರೂಪಾಯಿ ನಿಜವಾಗಿ ಉಳಿಯುತ್ತದೆ.

ಪಾಯಿಂಟ್‌ಗಳಿಗೆ ಮರುಳಾಗಬೇಡಿ. ನೂರಕ್ಕೆ ಒಂದು ರೂಪಾಯಿ ಮರಳಿದರೆ ಅದು ಶೇ 1 ಮಾತ್ರ. ಬೀದಿಯ ಅಂಗಡಿಯಲ್ಲಿ ಸೋನಾ ಮಸೂರಿ ಕೆ.ಜಿ.ಗೆ ಎರಡು ರೂಪಾಯಿ ಕಡಿಮೆಯಿದ್ದರೆ ಅದೇ ಹೆಚ್ಚು ಲಾಭ. ಪಾಯಿಂಟ್ ಅವಧಿ ಮುಗಿಯುವ ದಿನವನ್ನೂ ನೋಡಿಕೊಳ್ಳಿ. ಪ್ಯಾಕೆಟ್ ಮೇಲೆ ಗ್ರಾಂ ಅಥವಾ ಕೆ.ಜಿ. ಲೆಕ್ಕದ ಬೆಲೆ ಇರುತ್ತದೆ, ಹೋಲಿಸಬೇಕಾದ್ದು ಅದನ್ನೇ.

ಆ್ಯಪ್‌ನಲ್ಲಿ ಡೆಲಿವರಿ, ಹ್ಯಾಂಡ್ಲಿಂಗ್ ಶುಲ್ಕ ಸೇರಿದ ಕೊನೆಯ ಮೊತ್ತ ನೋಡಿಯೇ ಹಣ ಕಟ್ಟಿ. ನೀವು ಆರಿಸದ ವಸ್ತುವನ್ನು ಬಿಲ್ಲಿಗೆ ಸೇರಿಸುವುದನ್ನು ಕೇಂದ್ರದ 2023ರ ಮಾರ್ಗಸೂಚಿ ನಿಷೇಧಿಸಿದೆ. ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕೆಂದು ಅಂಗಡಿಯವರು ಒತ್ತಾಯಿಸುವಂತೆಯೂ ಇಲ್ಲ.

ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ಬಿಲ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮೊತ್ತ ದೊಡ್ಡದಿದ್ದರೆ ವಕೀಲರನ್ನು ಕಾಣಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಕೂಪನ್ ಲಿಂಕ್ ಒತ್ತಿ ಖಾತೆಯಿಂದ ಹಣ ಹೋದರೆ ತಡಮಾಡದೆ 1930ಕ್ಕೆ ತಿಳಿಸಿ, ಬ್ಯಾಂಕಿಗೂ ಹೇಳಿ.