ಕಾಡುಗಿಚ್ಚಿನ ಹೊಗೆಯೂ ಗ್ರಾಮದ ಗಾಳಿಯೂ

ಶಿವರಾತ್ರಿಯು ಸಮೀಪಿಸುತ್ತಲೇ ನಮ್ಮ ಕಾಡಂಚಿನ ಗ್ರಾಮಗಳಿಗೆ ಗುಡ್ಡದ ಮೇಲಣ ಬೆಂಕಿಯ ಸಾಲು ಕಾಣಿಸಿಕೊಳ್ಳುವುದು ವಾಡಿಕೆಯಾಗಿದೆ. ಆ ಬೆಂಕಿಯಿಂದ ಮರಗಿಡಗಳಿಗೂ ಮೃಗಗಳಿಗೂ ಆಗತಕ್ಕ ಹಾನಿಯನ್ನು ಎಲ್ಲರೂ ಬಲ್ಲರು. ಆದರೆ ಅದರ ಹೊಗೆಯು ಹರದಾರಿಗಟ್ಟಲೆ ದೂರದ ಊರುಗಳ ಗಾಳಿಯನ್ನು ಕೆಡಿಸಿ, ಜನರಿಗೂ ದನಗಳಿಗೂ ಬೆಳೆಗಳಿಗೂ ತರತಕ್ಕ ಕೇಡನ್ನು ಗಣನೆಗೆ ತಂದುಕೊಳ್ಳುವವರು ಕಡಮೆ. ಗ್ರಾಮದ ಯಜಮಾನರೂ ಜಮೀನುದಾರರೂ ತಿಳಿದಿರಬೇಕಾದ ಕೆಲವು ಅಂಶಗಳನ್ನು ಇಲ್ಲಿ ವಿವರಿಸಲಾಗುವುದು.

2019ನೆಯ ಇಸವಿ ಫೆಬ್ರವರಿಯಲ್ಲಿ ಬಂಡೀಪುರದ ಹುಲಿ ರಕ್ಷಿತಾರಣ್ಯದಲ್ಲಿ ಎದ್ದ ಕಿಚ್ಚು ಇನ್ನೂ ಅನೇಕರ ನೆನಪಿನಲ್ಲಿದೆ. 21ನೆಯ ತಾರೀಖಿನ ಸುಮಾರಿಗೆ ಹೊತ್ತಿಕೊಂಡ ಬೆಂಕಿಯು ಗಾಳಿಯ ರಭಸದಿಂದ ಗೋಪಾಲಸ್ವಾಮಿ ಬೆಟ್ಟದ ಕಡೆಗೂ ಹಬ್ಬಿತು. 25ನೆಯ ತಾರೀಖು ವಾಯುಸೇನೆಯ ಹೆಲಿಕಾಪ್ಟರುಗಳು ನೀರನ್ನು ತಂದು ಸುರಿಯಬೇಕಾಯಿತು. ಉಪಗ್ರಹದ ಚಿತ್ರಗಳ ಮೇರೆಗೆ ಸುಟ್ಟ ಪ್ರದೇಶವು 10,000 ಎಕರೆಗಳನ್ನು ಮೀರಿತ್ತು. ಎಲೆಯುದುರಿದ ಕಾಡು, ಅದರಡಿಯಲ್ಲಿ ಒತ್ತಾಗಿ ಬೆಳೆದು ಒಣಗಿದ ಲಾಂಟಾನದ ಪೊದೆ, ಉರಿಬಿಸಿಲು, ಬೀಸುಗಾಳಿ, ಇವಿಷ್ಟೂ ಕೂಡಿದಲ್ಲಿ ಒಂದು ಬೀಡಿಯ ಕಿಡಿಯೇ ಸಾಕಾಗುವುದು.

ಇನ್ನು ಹೊಗೆಯೆಂದರೇನೆಂಬುದನ್ನು ನೋಡೋಣ. ಸೌದೆಯು ಪೂರ್ಣವಾಗಿ ಉರಿದರೆ ಉಳಿಯತಕ್ಕದ್ದು ಬಹುಪಾಲು ಇಂಗಾಲಾಮ್ಲವಾಯುವೂ ನೀರಿನ ಆವಿಯೂ ಮಾತ್ರ. ಕಾಡಿನಲ್ಲಿ ಹಾಗೆ ಪೂರ್ಣವಾಗಿ ಉರಿಯುವುದಿಲ್ಲ. ಒಣ ತರಗು ಭಗ್ಗನೆ ಉರಿದು ಮುಗಿಯುವುದಾದರೂ, ದಪ್ಪನೆಯ ಕೊರಡುಗಳೂ ಹಸಿ ಬುಡಗಳೂ ದಿನಗಟ್ಟಲೆ ಕನಲುತ್ತ ಹೊಗೆಯಾಡುತ್ತಿರುವುವು. ಒಂದು ಸೇರು ಸೌದೆಗೆ ಲೆಕ್ಕ ಹಾಕಿದಲ್ಲಿ, ಜ್ವಾಲೆಯಿಂದ ಉರಿಯುವಾಗಿನದಕ್ಕಿಂತ ಹೀಗೆ ಕನಲುವಾಗ ಹುಟ್ಟುವ ಹೊಗೆಯೇ ಅಧಿಕ. ಆದಕಾರಣ ಬೆಂಕಿಯು ಅಡಗಿತೆಂದು ನಾವು ನಿಶ್ಚಿಂತರಾಗುವ ದಿನಗಳೇ ಗಾಳಿಯ ಮಟ್ಟಿಗೆ ಕೆಟ್ಟ ದಿನಗಳಾಗಿರುವುದುಂಟು.

ಈ ಹೊಗೆಯಲ್ಲಿ ಮುಖ್ಯವಾಗಿ ಅಂಜಬೇಕಾದುದು ಸೂಕ್ಷ್ಮಕಣಗಳಿಗೆ. ಎರಡೂವರೆ ಮೈಕ್ರಾನಿಗಿಂತ, ಅಂದರೆ ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೆಯ ಒಂದು ಪಾಲಿಗಿಂತ, ಚಿಕ್ಕವಾದ ಇವು ಮೂಗಿನ ರೋಮಗಳಲ್ಲಾಗಲಿ ಗಂಟಲಿನ ಕಫದಲ್ಲಾಗಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಕೆಲವು ರಕ್ತವನ್ನೂ ಸೇರುತ್ತವೆ. ಕೆಮ್ಮು, ಕಣ್ಣುರಿ, ಉಬ್ಬಸಗಳಲ್ಲದೆ ಹೃದ್ರೋಗವುಳ್ಳವರಿಗೆ ಪ್ರಾಣಾಪಾಯವೂ ಇವುಗಳಿಂದ ಸಂಭವಿಸುವುದು. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವು ರಕ್ತದ ಕೆಂಪಿಗೆ ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚಿನ ಬಲದಿಂದ ಅಂಟಿಕೊಳ್ಳತಕ್ಕದ್ದು. ಆದರೆ ಅದು ಬೇಗನೆ ಚದರಿ ಹೋಗುವುದರಿಂದ ಅದರ ಭಯವು ಬೆಂಕಿಯ ಬಳಿಯಲ್ಲಿ ನಿಂತು ಆರಿಸುವವರಿಗೇ ವಿಶೇಷ. ಸೂಕ್ಷ್ಮಕಣಗಳು ಹಾಗಲ್ಲ. 2023ನೆಯ ಇಸವಿ ಜೂನ್ ತಿಂಗಳಿನಲ್ಲಿ ಕೆನಡಾ ದೇಶದ ಕಾಡುಗಳ ಹೊಗೆಯು ನೂರಾರು ಮೈಲಿ ಸಾಗಿ ನ್ಯೂಯಾರ್ಕ್ ನಗರದ ಆಕಾಶವನ್ನೇ ಕಿತ್ತಳೆ ಬಣ್ಣಕ್ಕೆ ತಿರುಗಿಸಿತು.

ಹೊಗೆಯು ಊರಿಗೆ ಇಳಿಯುವ ವೇಳೆಯನ್ನು ಯಜಮಾನರು ಚೆನ್ನಾಗಿ ಗಮನಿಸಬೇಕು. ಹಗಲು ನೆಲವು ಕಾಯ್ದು ಗಾಳಿಯು ಇಳಿಜಾರಿನ ಮೇಲಕ್ಕೆ ಏರುವುದರಿಂದ ಹೊಗೆಯೂ ಮೇಲೇರುವುದು. ರಾತ್ರಿ ಆಕಾಶವು ಶುಭ್ರವಾಗಿದ್ದರೆ ನೆಲವು ಬೇಗ ತಣಿದು, ಅದಕ್ಕೆ ತಾಗಿದ ಗಾಳಿಯು ತಣ್ಣಗಾಗಿ ಭಾರವಾಗಿ ಹಳ್ಳದ ಕಡೆಗೆ ಜಾರುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯು ಗಡಿಗೆಗೆ ಮುಚ್ಚಳವಿಟ್ಟಂತೆ ಕುಳಿತುಬಿಡುವುದು. ತಗ್ಗಿನಲ್ಲಿರುವ ಊರು ಆ ಗಡಿಗೆಯ ತಳ. ಬೆಳಗ್ಗೆ ಬಿಸಿಲೇರಿ ನೆಲವು ಕಾಯುವವರೆಗೆ ಆ ಹೊಗೆಗೆ ದಾರಿಯಿಲ್ಲ.

ಇದನ್ನು ಪುಸ್ತಕದಿಂದ ಓದಿದ್ದ ನಾನೇ ಒಮ್ಮೆ ಮರೆತೆನು. ಕೆಲವು ವರ್ಷಗಳ ಹಿಂದೆ ಸರ್ಕೀಟಿನಲ್ಲಿ ಬೆಟ್ಟದ ಬುಡದ ಒಂದು ಹಳ್ಳಿಯಲ್ಲಿ ತಂಗಿದ್ದೆನು. ಮೇಲಣ ಕಾಡಿನ ಬೆಂಕಿಯು ಆರಿ ಎರಡು ದಿವಸವಾಗಿತ್ತು. ಮುಂಜಾನೆ ಮನೆಯ ಹಿರಿಯರಿಗೆ ಉಸಿರು ಕಟ್ಟಿ ಬರಲು, ಮಕ್ಕಳು ಗಾಳಿಯಾಡಲೆಂದು ಅವರನ್ನು ಹೊರಗಿನ ಜಗುಲಿಗೆ ಎತ್ತಿ ತಂದು ಮಲಗಿಸಿದರು. ನಾನೂ ಅದು ಸರಿಯೆಂದೇ ತಲೆಯಾಡಿಸಿದೆನು. ಹೊರಗಿನ ಗಾಳಿಯೇ ಹೊಗೆಯೆಂಬುದು ಯಾರಿಗೂ ಹೊಳೆಯಲಿಲ್ಲ. ಉಬ್ಬಸವು ಗಳಿಗೆ ಗಳಿಗೆಗೂ ಏರಿ, ಕೊನೆಗೆ ಊರಿನ ದಾದಿಯು ಬಂದು ಗದರಿಸಿ ಅವರನ್ನು ಒಳಗಿನ ಕೋಣೆಗೆ ಸೇರಿಸಿ ಬಾಗಿಲು ಹಾಕಿಸಿದರು. ಆ ಮೇಲೆ ಜೀಪಿನಲ್ಲಿ ಆಸ್ಪತ್ರೆಗೆ ಕಳುಹಿಸಲಾಯಿತು. ಹಿರಿಯರು ಬದುಕಿದರು. ಆದರೆ ಮೊದಲಿನಂತೆ ತೋಟದವರೆಗೆ ನಡೆದು ಹೋಗುವ ಶಕ್ತಿಯು ಅವರಿಗೆ ಮರಳಲಿಲ್ಲ.

ಗಾಳಿಯನ್ನು ಅಳೆಯುವ ಯಂತ್ರಗಳು ಹೆಚ್ಚಾಗಿ ನಗರಗಳಲ್ಲಿವೆ. 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನದಂಡದ ಪ್ರಕಾರ ಈ ಸೂಕ್ಷ್ಮಕಣಗಳು ಒಂದು ದಿವಸದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಮೀರಕೂಡದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿಯಾದರೋ 15 ಮಾತ್ರ. ಯಂತ್ರವಿಲ್ಲದ ಗ್ರಾಮದಲ್ಲಿ ಕಣ್ಣೇ ಅಳತೆಗೋಲು. ಅಮೆರಿಕದ ನ್ಯೂ ಮೆಕ್ಸಿಕೋ ಸೀಮೆಯಲ್ಲಿ ಜನರಿಗೆ ಕಲಿಸಿರುವ ಉಪಾಯವೊಂದು ನಮಗೂ ಒಪ್ಪತಕ್ಕದ್ದಾಗಿದೆ. ಐದು ಮೈಲಿ ದೂರದ ಗುಡ್ಡವು ಕಾಣದಿದ್ದರೆ ಮಕ್ಕಳು, ಮುದುಕರು, ಗರ್ಭಿಣಿಯರು, ಉಬ್ಬಸ ಹಾಗೂ ಹೃದ್ರೋಗವುಳ್ಳವರು ಹೊರಗಿನ ಕೆಲಸವನ್ನು ತಗ್ಗಿಸಬೇಕು. ಮೂರು ಮೈಲಿಯದೂ ಕಾಣದಿದ್ದರೆ ಅಂಥವರು ಹೊರಬರಬಾರದು. ಒಂದು ಮೈಲಿಯೊಳಗಿನದೇ ಮಸುಕಾದರೆ ಯಾರೂ ಹೊರಗೆ ಇರತಕ್ಕದ್ದಲ್ಲ. ಪ್ರತಿಯೊಂದು ಊರಿನವರೂ ಇಂಥ ಮೂರು ಗುರುತುಗಳನ್ನು, ಬೆಟ್ಟವೋ ಗೋಪುರವೋ ಕೆರೆಯ ಏರಿಯೋ, ಮೊದಲೇ ಆರಿಸಿಕೊಂಡಿರುವುದು ಮೇಲು. ಮಂಜು ಬಿದ್ದ ದಿವಸ ಈ ಅಳತೆಯು ಸಲ್ಲದು.

ಹೊಗೆಯ ದಿನಗಳಲ್ಲಿ ಮೂಗಿಗೆ ಒದ್ದೆ ಬಟ್ಟೆಯನ್ನು ಕಟ್ಟಿಕೊಂಡರೆ ಸಾಕೆಂಬ ನಂಬಿಕೆಯು ಎಲ್ಲೆಲ್ಲಿಯೂ ಇದೆ. ಬಟ್ಟೆಯು ಬೂದಿಯನ್ನು ತಡೆಯುವುದೇ ಹೊರತು ಸೂಕ್ಷ್ಮಕಣಗಳನ್ನಲ್ಲ. ಮುಖಕ್ಕೆ ಬಿಗಿಯಾಗಿ ಕೂಡುವ ಎನ್-95 ಮುಖಗವಸೇ ಬೇಕು. ಬೆಂಕಿ ಆರಿಸಲು ಹೋಗುವ ಆಳುಗಳಿಗಾಗಿ ಪಂಚಾಯಿತಿಯಲ್ಲಿ ಒಂದಷ್ಟನ್ನು ಇಟ್ಟುಕೊಂಡಿರುವುದು ದೊಡ್ಡ ವೆಚ್ಚವಲ್ಲ. ಮನೆಯ ಒಂದು ಕೋಣೆಯ ಕಿಟಕಿ ಬಾಗಿಲುಗಳನ್ನು ಮುಚ್ಚಿ ಅಶಕ್ತರನ್ನು ಅಲ್ಲಿರಿಸಬೇಕು. ಆ ಕೋಣೆಗೆ ಸೌದೆಯ ಒಲೆಯ ಹೊಗೆಯಾಗಲಿ ಧೂಪವಾಗಲಿ ಸೇರಬಾರದು. ಬಿಸಿಲೇರಿ ಹೊರಗೆ ತಿಳಿಯಾದ ಮೇಲೆ ಕಿಟಕಿಗಳನ್ನು ತೆರೆಯತಕ್ಕದ್ದು.

ದನಗಳಿಗೂ ಹೊಗೆಯಿಂದ ಶ್ವಾಸನಾಳವು ಕೆರಳುವುದು. ಆ ದಿನಗಳಲ್ಲಿ ಎತ್ತುಗಳನ್ನು ಹೂಡದೆ, ನೀರನ್ನು ಹೇರಳವಾಗಿ ಕೊಟ್ಟು, ಧೂಳಿಲ್ಲದ ಮೇವನ್ನು ಹಾಕಬೇಕು. ಸೊಳ್ಳೆಗಾಗಿ ಕೊಟ್ಟಿಗೆಯಲ್ಲಿ ಹೊಗೆ ಹಾಕುವುದನ್ನು ನಿಲ್ಲಿಸಬೇಕು. ಹೆಚ್ಚು ಹೊಗೆ ಕುಡಿದ ಎತ್ತು ಆಕಾಶವು ತಿಳಿಯಾದ ಮರುದಿನವೇ ದುಡಿಮೆಗೆ ತಕ್ಕದ್ದಾಗುವುದಿಲ್ಲ. ಬೆಳೆಗಳ ಮಟ್ಟಿಗೆ, ದಟ್ಟ ಹೊಗೆಯು ಬಿಸಿಲನ್ನು ಮರೆಮಾಡುವುದಲ್ಲದೆ, ಹೊಗೆಯೊಳಗಿನ ವಾಯುಗಳು ಬಿಸಿಲಿನಲ್ಲಿ ಕೂಡಿ ಓಜೋನ್ ಎಂಬ ತೀಕ್ಷ್ಣವಾಯುವಾಗಿ ಎಲೆಗಳಲ್ಲಿ ಚುಕ್ಕೆಗಳನ್ನೆಬ್ಬಿಸುವುದುಂಟು. ಹುರುಳಿಕಾಯಿ, ಸೋಯಾ ಅವರೆ ಮೊದಲಾದುವು ಇದನ್ನು ತಾಳಲಾರವು.

ಕಡೆಯದಾಗಿ ಜಮೀನುದಾರರಲ್ಲಿ ಅರಿಕೆ ಮಾಡಬೇಕಾದುದೊಂದಿದೆ. ಕಾಡಿಗೆ ಬೆಂಕಿ ಬೀಳುವುದು ದನ ಮೇಯಿಸುವವರಿಂದಲೆಂದು ದೂರುವುದು ಸುಲಭ. ಸುಟ್ಟಲ್ಲಿ ಎಳೆ ಹುಲ್ಲು ಚಿಗುರುವುದು ನಿಜವೇ. ಆದರೆ ಲಾಂಟಾನವೂ ಬುಡದಿಂದ ಮತ್ತೆ ಚಿಗುರುವುದು, ತರಗಿನಲ್ಲಿದ್ದ ಸಾರಜನಕದ ಬಹುಪಾಲು ಹೊಗೆಯೊಡನೆ ಹಾರಿಹೋಗುವುದು. ಅದಿರಲಿ, ಬದುವಿನ ಮೇಲೆ ನಾವು ಹಚ್ಚಿದ ಬೆಂಕಿಯೂ ಕಬ್ಬಿನ ಗದ್ದೆಯಲ್ಲಿ ಸುಟ್ಟ ರವದಿಯ ಕಿಡಿಯೂ ಕಾಡನ್ನು ಸೇರುವುದಿಲ್ಲವೆ? ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಕಾಡಂಚಿನ ಹೊಲಗಳಲ್ಲಿ ಏನನ್ನೂ ಸುಡಬಾರದು. ರವದಿಯನ್ನು ಸಾಲಿನ ನಡುವೆ ಹರಡಿದರೆ ತೇವವು ಉಳಿಯುವುದು, ಕಳೆಯು ತಗ್ಗುವುದು. ಮಲೆನಾಡಿನವರು ಸೊಪ್ಪಿನ ಬೆಟ್ಟದ ತರಗನ್ನು ಗುಡಿಸಿ ಕೊಟ್ಟಿಗೆಗೂ ತೋಟಕ್ಕೂ ಒಯ್ಯುವ ಪದ್ಧತಿಯಲ್ಲಿ ಗೊಬ್ಬರದ ಲಾಭದೊಡನೆ ಬೆಂಕಿಯ ಭಯವೂ ಕಡಮೆಯಾಗುವುದನ್ನು ನೋಡಬಹುದು. ಬೆಂಕಿರೇಖೆಗಳನ್ನು ಸವರುವ ಕೆಲಸವು ಜನವರಿಯೊಳಗೆ ಮುಗಿಯುವಂತೆ ಊರಿನವರು ಅರಣ್ಯಾಧಿಕಾರಿಗಳೊಡನೆ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ದೆಹರಾದೂನಿನಲ್ಲಿರುವ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯವರು ಉಪಗ್ರಹಗಳು ಕಂಡ ಬೆಂಕಿಯ ಸ್ಥಳವನ್ನು ಮೊಬೈಲಿಗೆ ಸಂದೇಶವಾಗಿ ಕಳುಹಿಸುತ್ತಾರೆ. ಹೆಸರು ನೋಂದಾಯಿಸಿದ ಯಾರಿಗಾದರೂ ಅದು ದೊರೆಯುವುದು. ಊರಿಗೆ ಇಬ್ಬರಾದರೂ ಇದನ್ನು ಮಾಡಿಸಿಕೊಂಡು, ಸಂದೇಶವು ಬಂದ ದಿನ ಸಂಜೆಯೇ ತಗ್ಗಿನ ಕೇರಿಗಳಿಗೆ ಡಂಗುರ ಹೊಡೆಸತಕ್ಕದ್ದು.