ಆಟದ ದೋಣಿಯ ಬ್ಯಾಟರಿಯನ್ನು ಕಾದಿಡುವ ಕ್ರಮ

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಿನ ಗ್ರಾಮಗಳಲ್ಲಿ ಸುಮಾರು ೧೩,೦೦೦ ಎಕರೆ ಭೂಮಿಯ ಮೇಲೆ ಹರಡಿರುವ ಸೌರವಿದ್ಯುತ್ ಕ್ಷೇತ್ರವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರುವರು. ೨೦೧೮ನೆಯ ಮಾರ್ಚಿ ತಿಂಗಳಲ್ಲಿ ಅದರ ಉದ್ಘಾಟನೆಯಾಯಿತು; ೨೦೧೯ನೆಯ ಇಸವಿಯ ಕೊನೆಗೆ ೨,೦೫೦ ಮೆಗಾವಾಟುಗಳ ಸಾಮರ್ಥ್ಯ ಪೂರ್ಣವಾಯಿತು. ಆದರೆ ಸೂರ್ಯನು ಮುಳುಗಿದೊಡನೆ ಆ ಫಲಕಗಳೆಲ್ಲವೂ ಸುಮ್ಮನಾಗುವುವು. ವಿದ್ಯುಚ್ಛಕ್ತಿಯನ್ನು ಉತ್ಪಾದಿಸುವುದು ಒಂದು ವಿದ್ಯೆ; ಅದನ್ನು ಕೂಡಿಟ್ಟು ಕಾಯುವುದು ಇನ್ನೊಂದು ವಿದ್ಯೆ. ಈ ಎರಡನೆಯದರ ಒಂದು ಚಿಕ್ಕ ಪಾಠವನ್ನು ಮಕ್ಕಳ ಆಟದ ದೋಣಿಯ ದೃಷ್ಟಾಂತದಿಂದ ಇಲ್ಲಿ ವಿವರಿಸುವೆವು.

ದಡದಲ್ಲಿ ನಿಂತು ರೇಡಿಯೋ ಅಲೆಗಳಿಂದ ನಡೆಸುವ ಈ ದೋಣಿಗಳಲ್ಲಿ ಈಗ ಹೆಚ್ಚಾಗಿ ಲಿಥಿಯಂ ಪಾಲಿಮರ್ ಬ್ಯಾಟರಿಗಳಿರುವುವು. ಹಗುರವಾಗಿದ್ದು ಬಹಳ ಶಕ್ತಿಯನ್ನು ಕೊಡುವುದು ಇವುಗಳ ಗುಣ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳು ಮಳೆ ಕಡಿಮೆಯಾದ ಸೀಮೆ. ಇಲ್ಲಿ ಎಷ್ಟೋ ಕೆರೆಗಳಲ್ಲಿ ನೀರು ನಿಲ್ಲುವುದು ಕೆಲವೇ ತಿಂಗಳು. ನೀರು ಇಂಗಿದ ಬಳಿಕ ದೋಣಿಯು ಅಟ್ಟವನ್ನು ಸೇರುವುದು. ಆದಕಾರಣ ನಮ್ಮ ಕಡೆಯಲ್ಲಿ ಬ್ಯಾಟರಿಯು ದುಡಿಯುವ ದಿನಗಳಿಗಿಂತ ಸುಮ್ಮನಿರುವ ದಿನಗಳೇ ಹೆಚ್ಚು. ಅದು ಅನೇಕವೇಳೆ ಕೆಡುವುದೂ ಆ ವಿರಾಮದ ಕಾಲದಲ್ಲಿಯೇ.

೧. ತುಂಬಿಸಿಡಬೇಕೋ, ಬರಿದುಮಾಡಬೇಕೋ?

ಮೋಟಾರುಗಾಡಿಯ ಸೀಸದ ಬ್ಯಾಟರಿಯನ್ನು ತುಂಬಿಸಿಯೇ ಇಡಬೇಕೆಂಬುದು ಹಿರಿಯರಿಗೆ ತಿಳಿದ ಸಂಗತಿ. ಹಾಗೆ ಮಾಡದಿದ್ದರೆ ಅದರ ಫಲಕಗಳ ಮೇಲೆ ಸಲ್ಫೇಟು ಗಟ್ಟಿಗೊಳ್ಳುವುದು. ಹಿಂದೆ ಆಟಿಕೆಗಳಲ್ಲಿ ಬಳಸುತ್ತಿದ್ದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯಾದರೋ ಬರಿದಾಗಿಟ್ಟರೂ ತಾಳುವಂತಹುದು. ಈ ಎರಡು ಅಭ್ಯಾಸಗಳಲ್ಲಿ ಯಾವುದೂ ಲಿಥಿಯಂ ಬ್ಯಾಟರಿಗೆ ಸಲ್ಲದು.

ಏತಕ್ಕೆಂದರೆ, ಪೂರ್ತಿ ತುಂಬಿದ ಸೆಲ್ಲಿನೊಳಗಿನ ದ್ರಾವಣವು ಹೆಚ್ಚಿನ ವೋಲ್ಟಿನ ಒತ್ತಡದಿಂದ ಮೆಲ್ಲಮೆಲ್ಲನೆ ವಿಘಟನೆಹೊಂದಿ ಅನಿಲವಾಗುವುದು, ಬ್ಯಾಟರಿಯು ಉಬ್ಬುವುದು. ಅದಕ್ಕೆ ಬೆಂಕಿ ತಗುಲಿದರೆ ಅಲ್ಲಿ ತುಂಬಿರುವ ಶಕ್ತಿಯೆಲ್ಲವೂ ಉರಿಗೆ ಸಹಾಯವಾಗುವುದು. ಅತಿಯಾಗಿ ಬರಿದಾದ ಸೆಲ್ಲಿನಲ್ಲಿಯೋ, ಒಳಗಿನ ತಾಮ್ರದ ಹಾಳೆ ಕರಗಲಾರಂಭಿಸುವುದು. ಮರಳಿ ಚಾರ್ಜು ಮಾಡುವಾಗ ಆ ತಾಮ್ರವೇ ಒಳಗೊಳಗೆ ಸೇತುವೆ ಕಟ್ಟಿ ಶಾರ್ಟ್ ಸರ್ಕಿಟ್ ಉಂಟುಮಾಡಬಹುದು. ತುಂಬಿದ ಕೆರೆಯ ಏರಿಗೆ ಒತ್ತಡವುಂಟು. ಬತ್ತಿದ ಕೆರೆಯ ಅಂಗಳವು ಬಿರಿಯುವುದು. ಬ್ಯಾಟರಿಗೂ ನಡುಮಟ್ಟವೇ ಕ್ಷೇಮ.

೨. ನಡುಮಟ್ಟದ ಲೆಕ್ಕ

ಲಿಥಿಯಂ ಪಾಲಿಮರ್ ಸೆಲ್ ಪೂರ್ತಿ ತುಂಬಿದಾಗ ೪.೨ ವೋಲ್ಟ್ ತೋರಿಸುವುದು. ೩.೦ ವೋಲ್ಟಿಗಿಂತ ಕೆಳಗೆ ಅದನ್ನು ಎಂದಿಗೂ ಇಳಿಸಕೂಡದು. ಕಾದಿಡಲು ತಕ್ಕ ಮಟ್ಟವು ಸುಮಾರು ೩.೮ ವೋಲ್ಟ್, ಎಂದರೆ ಹೆಚ್ಚುಕಡಿಮೆ ಅರ್ಧ ಚಾರ್ಜು. ಮೂರು ಸೆಲ್ಲುಗಳ ಬ್ಯಾಟರಿಗೆ ಇದು ೧೧.೪ ವೋಲ್ಟ್ ಆಗುವುದು. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಇನ್ನೊಂದು ಜಾತಿಗೆ ಈ ಅಂಕಿಗಳು ಅನ್ವಯಿಸವು. ಆದುದರಿಂದ ಬ್ಯಾಟರಿಯ ಮೇಲಿನ ಬರಹವನ್ನು ಮೊದಲು ಓದತಕ್ಕದ್ದು.

೩. ಇಳಿಸುವ ವಿಧಾನ

ಒಳ್ಳೆಯ ಚಾರ್ಜರುಗಳಲ್ಲಿ ‘ಸ್ಟೋರೇಜ್’ ಎಂಬ ಏರ್ಪಾಡು ಇರುವುದು. ಅದು ಹೆಚ್ಚಾದುದನ್ನು ಇಳಿಸಿ, ಕಡಿಮೆಯಾದುದನ್ನು ಏರಿಸಿ, ನಡುಮಟ್ಟದಲ್ಲಿ ತಾನಾಗಿಯೇ ನಿಲ್ಲುವುದು. ಇದೇ ಉತ್ತಮ ಮಾರ್ಗ.

ಅದಿಲ್ಲದವರು ಗಾಡಿಯಲ್ಲಿ ಬಳಸುವ ೧೨ ವೋಲ್ಟ್, ೨೧ ವಾಟಿನ ಬಲ್ಬನ್ನು ಮೂರು ಸೆಲ್ಲಿನ ಬ್ಯಾಟರಿಗೆ ಜೋಡಿಸಬಹುದು. ಅದು ಸುಮಾರು ೧.೭೫ ಆಂಪಿಯರ್ ಸೆಳೆಯುವುದು. ೨,೨೦೦ ಮಿಲಿ ಆಂಪಿಯರ್ ಗಂಟೆಯ ತುಂಬಿದ ಬ್ಯಾಟರಿಯು ಅರ್ಧಕ್ಕೆ ಇಳಿಯಲು ೩೫ರಿಂದ ೪೦ ನಿಮಿಷ ಹಿಡಿಯುವುದು. ಬಲ್ಬಿಗೆ ತಾನಾಗಿ ನಿಲ್ಲುವ ಬುದ್ಧಿಯಿಲ್ಲ. ಆದಕಾರಣ ದೊಡ್ಡವರೊಬ್ಬರು ಪಕ್ಕದಲ್ಲಿಯೇ ಇದ್ದು, ಹತ್ತು ನಿಮಿಷಕ್ಕೊಮ್ಮೆ ಪ್ರತಿಯೊಂದು ಸೆಲ್ಲಿನ ವೋಲ್ಟನ್ನು ಮೀಟರಿನಿಂದ ನೋಡಬೇಕು. ಬಲ್ಬು ಬಹಳ ಬಿಸಿಯಾಗುವುದರಿಂದ ಅದನ್ನು ಹೆಂಚಿನ ಮೇಲಿಟ್ಟು, ಬಟ್ಟೆ ಕಾಗದಗಳನ್ನು ದೂರವಿಡಬೇಕು.

ಉಪ್ಪುನೀರಿನಲ್ಲಿ ಮುಳುಗಿಸಿ ಇಳಿಸುವೆವೆಂಬುದು ತಪ್ಪು. ಅದರಿಂದ ತುದಿಗಳು ತುಕ್ಕು ಹಿಡಿಯುವುವು. ಎಲ್ಲಿ ನಿಲ್ಲಿಸಬೇಕೆಂಬ ಹತೋಟಿಯೂ ಇರದು. ಎರಡು ತಂತಿಗಳನ್ನು ಒಂದಕ್ಕೊಂದು ತಾಗಿಸುವುದಂತೂ ಬೆಂಕಿಯನ್ನು ಕರೆದಂತೆಯೇ ಸರಿ.

೪. ಇಡುವ ಸ್ಥಳ

ಬ್ಯಾಟರಿಯನ್ನು ದೋಣಿಯಿಂದ ಕಳಚಿಯೇ ಇಡಬೇಕು. ಜೋಡಿಸಿಟ್ಟರೆ ದೋಣಿಯ ಯಂತ್ರವು ಅದನ್ನು ಸ್ವಲ್ಪಸ್ವಲ್ಪವಾಗಿ ಹೀರುತ್ತಲೇ ಇರುವುದು. ನಮ್ಮ ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗಾಗಲಿ, ಬಿಸಿಲಿನಲ್ಲಿ ನಿಂತ ಗಾಡಿಯೊಳಗಾಗಲಿ ಇಡಕೂಡದು. ತುದಿಗಳಿಗೆ ಟೇಪು ಸುತ್ತಿ, ತಳದಲ್ಲಿ ಒಣಮರಳು ಹಾಕಿದ ಮಣ್ಣಿನ ಮಡಕೆಯಲ್ಲಿಟ್ಟು, ಮೇಲೆ ಸಡಿಲವಾಗಿ ಮುಚ್ಚಬಹುದು. ಬಿಗಿಯಾದ ಡಬ್ಬಿ ಬೇಡ. ಅನಿಲ ಹೊರಡಲು ದಾರಿಯಿರಬೇಕು. ಹಾಸಿಗೆ, ಸೀಮೆಎಣ್ಣೆ, ಮನೆಯಿಂದ ಹೊರಡುವ ಬಾಗಿಲು, ಇವುಗಳ ಸಮೀಪದಲ್ಲಿ ಆ ಮಡಕೆ ಇರಬಾರದು. ಎರಡು ಮೂರು ತಿಂಗಳಿಗೊಮ್ಮೆ ವೋಲ್ಟನ್ನು ಅಳೆದು ಗುರುತುಹಾಕಿಡುವುದು ಒಳ್ಳೆಯದು.

೫. ಅಪಾಯದ ಗುರುತುಗಳು

ಉಬ್ಬಿದ, ಜಜ್ಜಿದ, ನೀರು ಹೊಕ್ಕ, ಇಲ್ಲವೆ ೩.೦ ವೋಲ್ಟಿಗಿಂತ ಕೆಳಗಿಳಿದ ಬ್ಯಾಟರಿಯನ್ನು ಮತ್ತೆ ಚಾರ್ಜು ಮಾಡಕೂಡದು, ಚುಚ್ಚಕೂಡದು. ಹೊಗೆ ಕಾಣಿಸಿದರೆ ಅದು ವಿಷದ ಹೊಗೆ ಎಂದೇ ತಿಳಿದು, ಮಕ್ಕಳನ್ನೂ ಮನೆಯವರನ್ನೂ ಹೊರಗೆ ಕರೆತಂದು, ೧೧೨ಕ್ಕೆ ಕರೆಮಾಡಬೇಕು. ಬ್ಯಾಟರಿಯ ಬೆಲೆಯನ್ನು ನೆನೆದು ಒಳಗೆ ಓಡುವುದು ಅವಿವೇಕ. ಕೆಟ್ಟುಹೋದುದನ್ನು ತಿಪ್ಪೆಗೂ ಕೆರೆಗೂ ಎಸೆಯದೆ ಬ್ಯಾಟರಿ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ೨೦೨೨ನೆಯ ಇಸವಿಯ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಇತರ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸಬೇಕೆಂದು ಹೇಳುವುವು.

ಲಿಥಿಯಂ ಅಯಾನ್ ಬ್ಯಾಟರಿಯು ೧೯೯೧ರಲ್ಲಿ ಮಾರುಕಟ್ಟೆಗೆ ಬಂದಿತು. ಅದನ್ನು ರೂಪಿಸಿದ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ ೨೦೧೯ರ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ಅದೇ ಕುಲದ ಬ್ಯಾಟರಿ ನಮ್ಮ ಫೋನಿನಲ್ಲಿಯೂ ಕೈದೀಪದಲ್ಲಿಯೂ ಉಂಟು. ಆದಕಾರಣ ಈ ಪಾಠವು ಆಟಕ್ಕೆ ಮಾತ್ರ ಸೇರಿದುದಲ್ಲ. ಗಂಡುಮಕ್ಕಳಿಗೆ ಮಾತ್ರ ಮೀಸಲಾದುದೂ ಅಲ್ಲ. ಮೀಟರು ಹಿಡಿದು ಅಳೆಯಬಲ್ಲ ಹೆಣ್ಣುಮಗಳು ಮನೆಯನ್ನು ಬೆಂಕಿಯಿಂದ ಕಾಯಬಲ್ಲಳು.

ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು

(೧) ಸೀಸದ ಬ್ಯಾಟರಿಯನ್ನೂ ಲಿಥಿಯಂ ಬ್ಯಾಟರಿಯನ್ನೂ ಇಡುವುದರಲ್ಲಿ ಭೇದವೇನು?
(೨) ಎರಡು ಸೆಲ್ಲುಗಳ ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಎಷ್ಟು ವೋಲ್ಟಿನಲ್ಲಿ ಕಾದಿಡಬೇಕು?
(೩) ಮೂರು ತಿಂಗಳ ಬಳಿಕ ಒಂದು ಸೆಲ್ ೨.೬ ವೋಲ್ಟ್ ತೋರಿಸಿದರೆ ಏನು ಮಾಡುವಿರಿ? ಕಾರಣವನ್ನೂ ಹೇಳಿರಿ.